ಮಲಪ್ರಭೆಯ ಬೆಳಕಿಗೆ ಅಡ್ಡ ನಿಂತವನು

ಬೆಳಗಾವಿಯ ಶಹಾಪುರದಲ್ಲಿದ್ದ ಈರಯ್ಯನವರ ಫೋಟೋ ಸ್ಟುಡಿಯೋಕ್ಕೆ ಬರುವ ಗಿರಾಕಿಗಳಿಗೆ ಓಂಕಾರನ ಮೇಲೆ ಒಂದು ದೂರಿತ್ತು. ಅವನು ತೆಗೆದ ಫೋಟೋ ಸ್ಪಷ್ಟವಾಗಿರುತ್ತದೆ, ಬೆಳಕು ಸರಿಯಾಗಿ ಬಿದ್ದಿರುತ್ತದೆ, ಆದರೆ ಕೂತವರ ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖದಂತೆ ಇರುತ್ತದೆ. ಈರಯ್ಯನವರು ಹಾಗಲ್ಲ. ಕನ್ಯೆ ತೋರಿಸಲು ಫೋಟೋ ತೆಗೆಸಿಕೊಳ್ಳಲು ಬಂದ ಹುಡುಗಿಯನ್ನು ಸ್ಟೂಲಿನ ಮೇಲೆ ಕೂಡಿಸಿ, "ಏನವಾ, ಕುಂದಾ ತಿಂದ ಬಂದೀಯೋ, ಮೆಣಸಿನಕಾಯಿ ಕಡದ ಬಂದೀಯೋ?" ಎಂದು ಕೇಳಿ, ಆಕೆ ನಕ್ಕ ಗಳಿಗೆಯಲ್ಲೇ ಗುಂಡಿ ಒತ್ತುತ್ತಿದ್ದರು. ಅವರ ಅಕ್ಕನ ಮಗ ಓಂಕಾರನಿಗೆ ಇಂಥ ಮಾತು ಬರುತ್ತಿರಲಿಲ್ಲ. "ಗದ್ದ ಸ್ವಲ್ಪ ಮ್ಯಾಲ" ಎಂದು ಹೇಳಿ ಮುಗಿಯಿತೆಂದರೆ ಅವನ ಮಾತೇ ಮುಗಿದಂತೆ.

ತಂದೆ ತೀರಿಕೊಂಡ ಮೇಲೆ ತಾಯಿ ಕಾಶವ್ವನೊಂದಿಗೆ ಸೋದರಮಾವನ ಮನೆಗೆ ಬಂದವನು ಅಲ್ಲೇ ಬೆಳೆದ, ಅಲ್ಲೇ ಕೆಲಸ ಕಲಿತ. ಎಲ್ಲರೂ ಕಲರ್ ಫೋಟೋಕ್ಕೆ ಹೋಗಿ ರೋಲು ತೊಳೆಸಲು ಲ್ಯಾಬಿಗೆ ಓಡಾಡುತ್ತಿದ್ದ ಕಾಲದಲ್ಲೂ ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯನ್ನು ಮುಚ್ಚಲು ಬಿಡದವನು ಅವನೇ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಬಿಳಿ ಕಾಗದದ ಮೇಲೆ ಚಿತ್ರ ಮೂಡುವುದನ್ನು ನೋಡುತ್ತ ನಿಂತರೆ ಊಟದ ನೆನಪೂ ಆಗುತ್ತಿರಲಿಲ್ಲ.

1999ರ ಕೊನೆಯಲ್ಲಿ ಖಾನಾಪುರದ ಒಂದು ಮನೆಗೆ ಬಸುರಿಯ ಕುಬಸದ ಕಾರ್ಯಕ್ರಮಕ್ಕೆ ಫೋಟೋ ತೆಗೆಯಲು ಹೋಗಿದ್ದ. ಕೆಲಸ ಮುಗಿದರೂ ರೋಲಿನಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಬಸ್ಸಿಗೆ ಸಮಯವಿತ್ತು. ಹೊಳೆಯ ಕಡೆ ನಡೆದ. ಮಲಪ್ರಭೆಯ ನೀರು ಇಳಿದು ಮೊಣಕಾಲಿನಷ್ಟಾಗಿತ್ತು, ಇಳಿಬಿಸಿಲು ಅದರ ಮೇಲೆ ಬಿದ್ದು ಕಣ್ಣು ಬಿಡಲಾಗದಂತೆ ಹೊಳೆಯುತ್ತಿತ್ತು. ಆ ಹೊಳಪಿನ ಮುಂದೆ ಒಬ್ಬಳು ಸೀರೆ ಹಿಂಡುತ್ತಿದ್ದಳು, ಒಬ್ಬ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ದಾಟುತ್ತಿದ್ದ. ಯಾರ ಮುಖವೂ ಕಾಣುತ್ತಿರಲಿಲ್ಲ, ಬರೀ ಆಕಾರ. ಓಂಕಾರನಿಗೆ ಮನಸ್ಸು ಹಗುರಾಯಿತು. ಅವರು ನಗಬೇಕಾಗಿಲ್ಲ, ಇವನು ನಗಿಸಬೇಕಾಗಿಲ್ಲ. ಉಳಿದ ಫಿಲ್ಮನ್ನೆಲ್ಲ ಅಲ್ಲೇ ಮುಗಿಸಿದ.

ಲ್ಯಾಬಿನಿಂದ ಬಂದ ಪ್ರಿಂಟು ನೋಡಿದರೆ ನೀರೆಲ್ಲ ಸುಣ್ಣದಂತೆ ಬಿಳಿ, ಮನುಷ್ಯರೆಲ್ಲ ಮಸುಕು ಬೂದಿ. ಮಷೀನು ಕತ್ತಲೆಯನ್ನು ತಿದ್ದಲು ಹೋಗಿ ಎರಡನ್ನೂ ಕೆಡಿಸಿತ್ತು. ಮುಂದಿನ ಸಲ ಅವನು ಕಪ್ಪು-ಬಿಳುಪು ರೋಲು ಹಾಕಿಕೊಂಡು ಹೋದ, ತಾನೇ ತೊಳೆದ. ಒಂದೊಂದಾಗಿ ಗೊತ್ತಾಗುತ್ತ ಹೋಯಿತು. ಬೆಳಕನ್ನು ಮನುಷ್ಯನಿಗೆ ಅಳೆಯಬಾರದು, ನೀರಿಗೆ ಅಳೆಯಬೇಕು. ಇಬ್ಬರು ಒಬ್ಬರ ಹಿಂದೊಬ್ಬರು ಬಂದರೆ ಇಬ್ಬರೂ ಸೇರಿ ಒಂದು ಕರಿ ಮುದ್ದೆಯಾಗುತ್ತಾರೆ, ಆದ್ದರಿಂದ ನಡುವೆ ಬೆಳಕು ಹಾಯುವವರೆಗೆ ಕಾಯಬೇಕು. ಕಾಲುಗಳು ಬೇರೆಬೇರೆ ಕಂಡರೆ ಮಾತ್ರ ನಡೆಯುತ್ತಿದ್ದಾರೆಂದು ತಿಳಿಯುತ್ತದೆ. ಭಾನುವಾರ ಬಂತೆಂದರೆ ಅವನು ಖಾನಾಪುರದ ಬಸ್ಸು ಹತ್ತುವುದು ರೂಢಿಯಾಯಿತು.

"ಮಾರಿ ಇಲ್ಲದ ಫೋಟೋ ಯಾಂವ ತಗೋತಾನೋ?" ಎಂದು ಈರಯ್ಯನವರು ಬೈಯುತ್ತಿದ್ದರು. ಫಿಲ್ಮನ್ನು ಕಿತ್ತುಕೊಳ್ಳಲಿಲ್ಲ ಮಾತ್ರ.

ಜನವರಿಯ ಒಂದು ಬೆಳಿಗ್ಗೆ ಕುರಿ ಹಿಂಡೊಂದು ಹೊಳೆ ದಾಟುತ್ತಿತ್ತು. ಸೂರ್ಯ ಆಗಷ್ಟೇ ಎದುರು ದಂಡೆಯ ಮರಗಳನ್ನು ದಾಟಿ ಮೇಲೆ ಬಂದಿದ್ದ. ಎಲ್ಲರಿಗಿಂತ ಹಿಂದೆ ಒಬ್ಬ ಕುರಿಗಾರ ಬಂದ. ಮರಿಯೊಂದನ್ನು ಕೊರಳ ಸುತ್ತ ಹೊತ್ತು ಅದರ ಕಾಲುಗಳನ್ನು ಎಡಗೈಯಲ್ಲಿ ಹಿಡಿದಿದ್ದ, ಬಲಗೈ ಕೋಲು ಚಾಚಿ ಹಿಂದುಳಿದ ಕುರಿಯನ್ನು ಅಟ್ಟುತ್ತಿತ್ತು. ಮುಂದಿನ ಕುರಿಗೂ ಅವನಿಗೂ ನಡುವೆ ಬೆಳಕು ಬಿದ್ದ ಕೂಡಲೇ ಓಂಕಾರ ಒತ್ತಿದ. ಕುರಿಗಾರ ತಿರುಗಿ ನೋಡಲೂ ಇಲ್ಲ.

ಆ ಫೋಟೋ ಷೋಕೇಸಿಗೆ ಬಂದದ್ದು ಆಕಸ್ಮಿಕ. ಅಲ್ಲಿದ್ದ ಮದುವೆ ಜೋಡಿಯ ಫೋಟೋವನ್ನು ಹೆಣ್ಣಿನ ಮನೆಯವರೇ ಬಂದು ತೆಗೆಸಿಕೊಂಡು ಹೋದರು, ಎರಡು ಮನೆಗಳ ನಡುವೆ ಮಾತು ಮುರಿದಿತ್ತು. ಜಾಗ ಖಾಲಿ ಕಾಣಬಾರದೆಂದು ಈರಯ್ಯನವರು ಕೈಗೆ ಸಿಕ್ಕಿದ್ದನ್ನು ತೂಗುಹಾಕಿದರು.

ಹಿಂದಿನ ಓಣಿಯಲ್ಲಿ ಪಾವರ್‌ಲೂಮಿನ ಶೆಡ್ಡುಗಳಿದ್ದವು. ಅಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಹೋಗುವ ಹೆಂಗಸರು ದಿನವೂ ಸ್ಟುಡಿಯೋ ಮುಂದೆಯೇ ಹಾಯುತ್ತಿದ್ದರು. ಒಂದು ಸಂಜೆ ಅವರಲ್ಲೊಬ್ಬಳು ನಿಂತಳು. ಜೊತೆಯವರು ಕರೆದರೂ ಹೋಗಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿ ಒಳಗೆ ಬಂದಳು. ಕೂದಲಲ್ಲಿ, ಹುಬ್ಬಿನಲ್ಲಿ ನೂಲಿನ ಧೂಳು ಹತ್ತಿತ್ತು.

"ಅಯ್ಯಾರ, ಆ ಕರೇ ಫೋಟೋ ಯಾವಾಗ ತಗದದ್ದರಿ?"

"ಮೊನ್ನೆ ಮೊನ್ನೆ ತಗದೇವಿ. ಯಾಕವಾ?" ಎಂದರು ಈರಯ್ಯನವರು.

"ಅವರು ನಮ್ಮ ಮನ್ಯಾವ್ರು ಅದಾರ್ರೀ."

ಆಕೆಯ ಹೆಸರು ಮಾಯಕ್ಕ. ಘಟಪ್ರಭಾ ಕಡೆಯ ಹಳ್ಳಿಯವಳು. ಗಂಡ ಕರೆಪ್ಪ ಮನೆಯ ಕುರಿಗಳ ಜೊತೆಗೆ ಚಿಕ್ಕಪ್ಪ ಸಾತಪ್ಪನ ಹಿಂಡನ್ನೂ ಕಾಯುತ್ತಿದ್ದ. ಒಂದು ಚಳಿಗಾಲದ ಮುಂಜಾನೆ, ಮಂಜು ದಟ್ಟವಾಗಿ ಕವಿದಾಗ, ಕುರಿಗಳನ್ನು ರೈಲು ಹಳಿ ದಾಟಿಸುತ್ತಿದ್ದ. ರೈಲು ಬಂದದ್ದು ಕಾಣಲಿಲ್ಲ. ಹಿಂಡಿನ ಅರ್ಧಕ್ಕೂ ಹೆಚ್ಚು ಅಲ್ಲೇ ಸತ್ತಿತು. ಊರವರು ಓಡಿ ಬರುವ ಹೊತ್ತಿಗೆ ಕರೆಪ್ಪ ಇರಲಿಲ್ಲ. ಅವನ ಕಂಬಳಿ ಮಾತ್ರ ಹಳಿಯ ಪಕ್ಕ ಬಿದ್ದಿತ್ತು. ಅವನೂ ಯಾವುದೋ ರೈಲಿಗೆ ತಲೆ ಕೊಟ್ಟ ಎಂದು ಊರು ತೀರ್ಮಾನಿಸಿತು. ಕುರಿ ಕಳೆದುಕೊಂಡ ಸಾತಪ್ಪನೇ ಹಳಿಗುಂಟ ದಿನಗಟ್ಟಲೆ ಹೆಣ ಹುಡುಕುತ್ತ ನಡೆದ. ಮೂರು ವರ್ಷವಾಗುತ್ತ ಬಂದಿತ್ತು. ಮಾಯಕ್ಕ ತಾಳಿ ತೆಗೆಯಲಿಲ್ಲ. ಜನರ ಮಾತು ತಾಳಲಾರದೆ ಅಣ್ಣ ಬೀರೇಶನ ಬಾಡಿಗೆ ಮನೆಗೆ, ಶಹಾಪುರಕ್ಕೆ ಬಂದಳು. ಈಗ ಹಿರಿಯರು ಕೂಡಿ, ಬರುವ ಅಮಾವಾಸ್ಯೆಗೆ ಕರೆಪ್ಪನ ತಿಥಿ ಕಾರ್ಯ ಮಾಡಿ ಮುಗಿಸುವುದೆಂದು ಹೇಳಿ ಕಳಿಸಿದ್ದರು.

"ನೆರಳು ನೋಡಿ ಗಂಡನ್ನ ಗುರ್ತಾ ಹಿಡಿಯಾಕ ಬರತೈತೇನ ತಂಗಿ?" ಈರಯ್ಯನವರು ಮೆತ್ತಗೆ ಕೇಳಿದರು. "ಕುರಿ ಕಾಯವ್ರೆಲ್ಲಾ ಹಿಂಗಽ ಕಾಣ್ತಾರ."

"ಆ ಬಲಗೈ ನೋಡ್ರಿ ಅಯ್ಯಾರ. ಸಣ್ಣವ್ರಿದ್ದಾಗ ಗಿಡದ ಮ್ಯಾಲಿಂದ ಬಿದ್ದು ಮುರಕೊಂಡಾರ. ಮೊಣಕೈ ನೆಟ್ಟಗ ಆಗಂಗಿಲ್ಲ. ಕೋಲು ಎಷ್ಟ ಚಾಚಿದ್ರೂ ಕೈ ಕುಡಗೋಲ ಆಗಿರತೈತಿ."

ಓಂಕಾರ ಹೊರಗೆ ಹೋಗಿ ಷೋಕೇಸಿನ ಮುಂದೆ ನಿಂತ. ಎಷ್ಟು ಸಲ ನೋಡಿದ್ದ ಚಿತ್ರ! ಕೈ ಬಾಗಿದ್ದು ನಿಜ. ಆದರೆ ಆ ಕ್ಷಣಕ್ಕೆ ಬಾಗಿದ್ದಿರಬಹುದಲ್ಲ? ನೆಗೆಟಿವ್ ತೆಗೆದು ಕತ್ತಲೆ ಕೋಣೆಗೆ ಹೋಗಿ ಆ ಒಬ್ಬನನ್ನೇ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ದೊಡ್ಡದಾದಷ್ಟೂ ಮನುಷ್ಯ ಹೋಗಿ ರವೆಯಂಥ ಕಾಳುಗಳಷ್ಟೇ ಉಳಿದವು. ಒದ್ದೆ ಕಾಗದವನ್ನು ತಂದು ತೋರಿಸಿದಾಗ ಮಾಯಕ್ಕ ತಲೆಯಲ್ಲಾಡಿಸಿದಳು.

"ಇದರಾಗ ಅವರಿಲ್ಲರಿ. ಆ ಸಣ್ಣದರಾಗ ಅದಾರ."

ಆಕೆ ಹೋದ ಮೇಲೆ ಈರಯ್ಯನವರು ಕದ ಅರ್ಧ ಎಳೆದು ಹೇಳಿದರು: "ನೋಡಪಾ, ಸುಮ್ಮನ ಆಸೆ ಹಚ್ಚಬ್ಯಾಡ. ಆ ಹೆಣ್ಮಗಳು ಒಮ್ಮೆ ಅತ್ತ ಮುಗಿಸ್ಯಾಳ. ಅಲ್ಲಿ ಹೋಗಿ ಬ್ಯಾರೇದಾಂವ ಸಿಕ್ಕನಂದ್ರ ಮತ್ತೊಮ್ಮೆ ಅಳಬೇಕು."

ಓಂಕಾರನಿಗೂ ಅದೇ ಭಯ. ಇನ್ನೊಂದು ಭಯವೂ ಇತ್ತು, ಅದನ್ನು ಮಾವನಿಗೆ ಹೇಳಲಿಲ್ಲ. ಅವನು ಕರೆಪ್ಪನೇ ಆಗಿದ್ದರೆ? ಮೂರು ವರ್ಷ ತಲೆಮರೆಸಿಕೊಂಡವನು, ಯಾರಿಗೂ ಸಿಗಬಾರದೆಂದು ಇದ್ದವನು. ಅವನನ್ನು ಕೇಳದೆಯೇ ತಾನು ಅವನನ್ನು ಹಿಡಿದು ಓಣಿಯಲ್ಲಿ ತೂಗುಹಾಕಿದಂತಾಯಿತಲ್ಲ. ಹೆಂಡತಿಯನ್ನು ಕಂಡು ಓಡಿಹೋದರೆ, ಇನ್ನೇನಾದರೂ ಮಾಡಿಕೊಂಡರೆ?

ತೀರ್ಮಾನ ಮಾಡಿದವಳು ಕಾಶವ್ವ. ಸ್ಟುಡಿಯೋಕ್ಕೆ ಅಂಟಿಕೊಂಡಿದ್ದ ಮನೆಯ ಅಡುಗೆಕೋಣೆಯಿಂದಲೇ ಎಲ್ಲ ಕೇಳಿಸಿಕೊಂಡು ಹೊರಗೆ ಬಂದಳು. "ಅಳೂದು ಆಮ್ಯಾಲಿನ ಮಾತು. ನಿನ್ನ ಅಪ್ಪ ಹೋದಾಗ ನಾ ಕಣ್ಣಾರೆ ನೋಡಿದ್ನಿ, ಅದಕ್ಕ ನನ್ನ ಜೀವಕ್ಕ ಒಂದ ಸಮಾಧಾನ ಇತ್ತು. ಆಕಿಗೆ ಅದೂ ಇಲ್ಲ. ನಾನೂ ಬರ್ತೀನಿ. ಭಾನುವಾರ ಹೋಗೂಣು."

ಹಾಗೆ ಮೂವರೂ ಖಾನಾಪುರದ ಮೊದಲ ಬಸ್ಸು ಹಿಡಿದರು. ಬೀರೇಶನಿಗೆ ಕೆಲಸದಿಂದ ಬಿಡುವು ಸಿಗಲಿಲ್ಲ, ಕಾಶವ್ವ ಜೊತೆಗಿದ್ದಾಳೆಂದು ತಂಗಿಯನ್ನು ಕಳಿಸಿಕೊಟ್ಟ. ಮಾಯಕ್ಕ ಕಿಟಕಿಯ ಬಾಜು ಕೂತು ಫೋಟೋವನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ತೆರೆದು ನೋಡಲಿಲ್ಲ.

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ಆ ಕುರಿಯವರು ನಂದಗಡದ ಕಡೆ ಹೋದರೆಂದಳು. ನಂದಗಡದಲ್ಲಿ ಇಳಿದು ಹೊಲಗಳ ಕಡೆ ನಡೆದರೆ ಭೇಟಿಯಾದ ರೈತನಿಗೆ ಕನ್ನಡ ಅಷ್ಟು ಬರುತ್ತಿರಲಿಲ್ಲ. ಬೆಳಗಾವಿ ಸೀಮೆಯಲ್ಲೇ ಬೆಳೆದ ಕಾಶವ್ವ ಮರಾಠಿಯಲ್ಲಿ ವಿಚಾರಿಸಿದಳು. ಅವನು ಫೋಟೋ ತಿರುಗಿಸಿ ಮುರುಗಿಸಿ ನೋಡಿ, "ತೋಂಡ ಕುಠೇ ಆಹೆ?" ಎಂದು ನಕ್ಕ. ಮುಖವೆಲ್ಲಿದೆ ಎಂದು ಅವನು ಕೇಳಿದ್ದು ಮರಾಠಿ ಹೆಚ್ಚು ಬಾರದ ಮಾಯಕ್ಕನಿಗೂ ತಿಳಿಯಿತು. ಆದರೂ ಅವನು ಗೊಬ್ಬರಕ್ಕೆಂದು ಕುರಿ ಕೂಡಿಸಿದ ಗದ್ದೆಯ ದಾರಿಯನ್ನು ಕೈಮಾಡಿ ತೋರಿಸಿದ. ಕೆರೆಯ ಆಚೆ.

ಕೊಯ್ಲಾದ ಗದ್ದೆಯಲ್ಲಿ ಬಲೆ ಕಟ್ಟಿ ಹಟ್ಟಿ ಹಾಕಿದ್ದರು. ಎಳೆ ಮರಿಗಳು ಬುಟ್ಟಿಯ ಕೆಳಗಿಂದ ಅರಚುತ್ತಿದ್ದವು. ಹಿಂಡಿನ ಯಜಮಾನ ಮುತ್ತಪ್ಪ ದೊಡ್ಡ ರುಮಾಲಿನ, ಜೋರು ದನಿಯ ಮನುಷ್ಯ. "ಬರ್ರಿ, ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದ. ಓಂಕಾರ ಫೋಟೋ ಚಾಚಿದ.

ಮುತ್ತಪ್ಪ ನೋಡಿದ್ದೇ ತಡ, "ಏ, ಇದು ನಾನಽ!" ಎಂದ. "ನೋಡ ನನ್ನ ರುಮಾಲ! ಯಾವಾಗ ತಗದ್ರಿ ಸಾಹೇಬ್ರ?"

ಅವನ ತಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ, "ನಿನ್ನ ಹೊಟ್ಟಿ ಎಲ್ಲೈತೋ ಅಣ್ಣಾ ಇದರಾಗ? ಇದು ನಾನು" ಎಂದ.

ಸುತ್ತ ನೆರೆದವರು ನಕ್ಕರು. ಮಾಯಕ್ಕ ನಗಲಿಲ್ಲ. ನಿಂತವಳು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. ಕಾಶವ್ವ ಅವಳ ಬೆನ್ನ ಮೇಲೆ ಕೈ ಇಟ್ಟಳು. ಓಂಕಾರನಿಗೆ ಮಾವನ ಮಾತು ನೆನಪಾಯಿತು. ಆದರೂ ಕೇಳಿದ: "ಯಜಮಾನ್ರ, ಅವತ್ತ ಮರಿ ಹೊತ್ತಿದ್ದವ್ರು ಯಾರು? ಎಲ್ಲಾರ್ಕಿಂತ ಹಿಂದ ಇದ್ದವ್ರು?"

ಮುತ್ತಪ್ಪನ ಹೆಂಡತಿ ಫಕೀರವ್ವ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಫೋಟೋವನ್ನು ಮುಟ್ಟದೆ, ದೂರದಿಂದಲೇ ನೋಡಿದಳು.

"ನೀವಿಬ್ರೂ ಅವತ್ತ ಕುದುರಿ ಹಿಡಕೊಂಡ ಮುಂದ ಹೋಗಿದ್ರಿ. ಹಿಂದ ಬಂದಾಂವ ಮೈಲಾರಿ. ಕೈ ನೋಡಿದ್ರ ತಿಳಿಯಂಗಿಲ್ಲೇನ?"

"ಮೈಲಾರಿ ಯಾರು?" ಎಂದಳು ಮಾಯಕ್ಕ.

"ನಮ್ಮ ಸಂಗಾಟ ಕುರಿಗೆ ಅದಾನವಾ. ಭಾಳ ಒಳ್ಳೇಂವ. ಮಾತಿಲ್ಲ, ಕತಿಲ್ಲ. ಯಾವ ಊರಂತ ಕೇಳಿದ್ರ ಎದ್ದ ಹೋಗ್ತಾನ. ರೈಲಿನ ಸಪ್ಪಳ ಕೇಳಿದ್ರ ಆ ಹೊತ್ತ ಊಟಾ ಬಿಡ್ತಾನ."

ಫಕೀರವ್ವ ಮಾಯಕ್ಕನ ಮುಖ ನೋಡಿದಳು, ಕೊರಳಿನ ತಾಳಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. "ಕೆರ್ಯಾಗ ಕುರಿ ಮೈ ತೊಳಸಾಕ ಹೋಗ್ಯಾನ. ಹೋಗ ತಂಗಿ" ಎಂದಳು.

ಕೆರೆಯ ಏರಿ ಹತ್ತಿದಾಗ ನೀರೆಲ್ಲ ಬಿಸಿಲಿಗೆ ಕಾದ ತಗಡಿನಂತೆ ಉರಿಯುತ್ತಿತ್ತು. ನಡುಮಟ್ಟ ನೀರಿನಲ್ಲಿ ಒಬ್ಬ ಕುರಿಯನ್ನು ಹಿಡಿದು ಉಜ್ಜುತ್ತಿದ್ದ. ಓಂಕಾರ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ, ಮುಖ ಕಾಣಲಿಲ್ಲ. ಮಾಯಕ್ಕ ಕೈ ಅಡ್ಡ ಹಿಡಿಯಲಿಲ್ಲ. "ನೀವು ಇಲ್ಲೇ ಇರ್ರಿ" ಎಂದು ಅವರನ್ನು ಬಿಟ್ಟು ಏರಿ ಇಳಿದಳು. ನೀರಿನ ಅಂಚಿನಲ್ಲಿ ನಿಂತಳು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಅವಳ ಮನೆತನದಲ್ಲಿ ಯಾರಿಗೂ ಇರಲಿಲ್ಲ.

"ಕರೆಪ್ಪಾ!" ಎಂದು ಕೂಗಿದಳು.

ಅವನ ಕೈಯಿಂದ ಕುರಿ ಜಾರಿ ಈಜುತ್ತ ದಂಡೆಗೆ ಬಂತು. ಅವನು ತಿರುಗಿದ. ನೋಡಿದ. ಮತ್ತೆ ಬೆನ್ನು ಮಾಡಿ ಆಳದ ಕಡೆಗೆ ಹೆಜ್ಜೆ ಇಟ್ಟ. ಓಂಕಾರ ಅರಿವಿಲ್ಲದೆ ಏರಿಯಿಂದ ಅರ್ಧ ಇಳಿದುಬಿಟ್ಟ, ಕಾಶವ್ವ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಹೋಗೂದಿದ್ರ ಹೋಗ್ರಿ," ಮಾಯಕ್ಕನ ದನಿ ಜೋರಾಗಿತ್ತು. "ಈಜಾಕ ಬರಂಗಿಲ್ಲ ನಿಮಗ, ನನಗ ಗೊತ್ತೈತಿ. ನಾನೂ ಹಿಂದಽ ಬರ್ತೀನಿ. ನನಗೂ ಬರಂಗಿಲ್ಲ."

ಅವನು ನಿಂತ. ನೀರು ಎದೆಗೆ ಬಂದಿತ್ತು.

"ಯಾರ ಹೇಳಿದ್ರು ನಿನಗ?" ಎಂದ ಬೆನ್ನು ಮಾಡಿಕೊಂಡೇ.

"ಯಾರೂ ಹೇಳಲಿಲ್ಲ. ನಿಮ್ಮ ಫೋಟೋ ಶಹಾಪುರದಾಗ ಗ್ಲಾಸಿನೊಳಗ ಹಾಕ್ಯಾರ. ಮಾರಿ ಇಲ್ಲದ ಫೋಟೋದಾಗಽ ಹಿಡದೇನಿ ನಿಮ್ಮನ್ನ. ಇನ್ನ ಎಲ್ಲಿ ಅಡಗತೀರಿ?"

"ಕಾಕಾನ ಮುಂದ ಹೆಂಗ ನಿಂದರ್ಲಿ ಮಾಯಾ? ಅವನ ಹಿಂಡ ನನ್ನ ಕೈಯಾಗ ಹೋತು."

"ಕಾಕಾ ಕುರಿ ಹುಡುಕಲಿಲ್ಲ, ನಿಮ್ಮನ್ನ ಹುಡುಕಿದಾ. ಹಳಿಗುಂಟ ಹೋಗಿ ಹೋಗಿ ಕಾಲಾಗ ಬೊಬ್ಬಿ ಎದ್ದಿದ್ದು. ಮಂಜಿನ್ಯಾಗ ರೈಲ ಕಾಣಲಿಲ್ಲಂದ್ರ ಹುಡುಗ ಏನ ಮಾಡ್ಯಾನು ಅಂತ ಅವತ್ತಽ ಅಂದಾನ. ಕುರಿ ಮತ್ತ ಈದಾವು. ಈಗ ಅಮಾಸಿಗೆ ನಿಮ್ಮ ಕಾರ್ಯಾ ಇಟ್ಟಾರ. ಬಂದ ಊಟಾ ಮಾಡಿ ಹೋಗ್ರಿ, ನಿಮ್ಮದಽ ಐತಿ."

ಕಾಶವ್ವ ಏರಿಯ ಮೇಲೆ ಸೆರಗು ಬಾಯಿಗೆ ಹಿಡಿದಳು. ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ.

ಕರೆಪ್ಪ ಕೊನೆಗೂ ತಿರುಗಿದ. ನಿಧಾನ ನೀರಿನಿಂದ ಮೇಲೆ ಬಂದು, ಹೆಂಡತಿಯಿಂದ ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಮಧ್ಯಾಹ್ನದ ಬಿಸಿಲಿನಲ್ಲೂ ನಡುಗುತ್ತಿದ್ದ. ಮಾಯಕ್ಕ ದಂಡೆಯ ಮೇಲಿದ್ದ ಅವನ ಕಂಬಳಿ ತಂದು ಹೊದಿಸಿದಳು. ಆಮೇಲೆ ಅವರೇನು ಮಾತಾಡಿದರೋ ಏರಿಯ ಮೇಲಿನವರಿಗೆ ಕೇಳಿಸಲಿಲ್ಲ. ಬಹಳ ಹೊತ್ತು ಕೂತಿದ್ದರು.

ಓಂಕಾರ ಹುಲ್ಲಿನ ಮೇಲೆ ಕೂತು ಉಸಿರು ಬಿಟ್ಟ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

"ಫೋಟೋ ತಗದ್ಯಾ?" ಎಂದು ಕೇಳಿದಳು ಕಾಶವ್ವ.

ಅವನು ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾವನ್ನು ನೋಡಿಕೊಂಡ. "ನೆನಪಽ ಆಗಲಿಲ್ಲವ್ವಾ" ಎಂದ.

ಫಕೀರವ್ವ ಎಲ್ಲರಿಗೂ ಬಿಸಿ ರೊಟ್ಟಿ, ಕುರಿ ಹಾಲಿನ ಗಿಣ್ಣ ಕೊಟ್ಟಳು. ಓಂಕಾರ ತಿಂದ ರೊಟ್ಟಿಯ ಲೆಕ್ಕ ನೋಡಿ ಅವಳೇ ಬೆರಗಾದಳು. ಯುಗಾದಿಯವರೆಗೆ ಇರುತ್ತೇನೆಂದು ಮಾತು ಕೊಟ್ಟಿದ್ದೇನೆ, ಅಲ್ಲಿತನಕ ಬರಲಾಗದು ಎಂದು ಕರೆಪ್ಪ ತೊದಲಿದಾಗ ಮುತ್ತಪ್ಪ ಗದರಿದ: "ಸುಳ್ಳ ಹೆಸರ ಹೇಳಿದಾಂವಂದು ಎಂಥಾ ಮಾತಪಾ! ನಡಿ, ಮೊದ್ಲ ಮನಿಗೆ ನಡಿ." ಹಾಗೆ ಗದರುತ್ತಲೇ ಎರಡು ಹೆಣ್ಣು ಮರಿಗಳನ್ನು ಹಿಡಿದು ತಂದು ಮಾಯಕ್ಕನ ಮುಂದೆ ಬಿಟ್ಟ. ಆಮೇಲೆ ಓಂಕಾರನ ಕಡೆ ತಿರುಗಿ, "ಸಾಹೇಬ್ರ, ಖರೇ ಹೇಳ್ರಿ, ನಂದೊಂದು ಹಂಗ ನೀರಿನ್ಯಾಗ ತಗೀತೀರಿಲ್ಲ?" ಎಂದ. ಅವನನ್ನು ಕೆರೆಯ ಅಂಚಿನಲ್ಲಿ ನಿಲ್ಲಿಸಿ ತೆಗೆಯಬೇಕಾಯಿತು. ರುಮಾಲೂ ಬಂತು, ಹೊಟ್ಟೆಯೂ ಬಂತು.

ವಾಪಸು ಬಸ್ಸಿನಲ್ಲಿ ಮರಿಗಳನ್ನು ಹತ್ತಿಸಲು ಕಂಡಕ್ಟರ್ ತಕರಾರು ಮಾಡಿದ. ಕಾಶವ್ವ ಒಂದನ್ನು ಮಡಿಲಲ್ಲಿ ಇಟ್ಟುಕೊಂಡು, "ನನ್ನ ಮೊಮ್ಮಗಳಿದು, ಅರ್ಧ ಟಿಕೇಟ ಕೊಡು" ಎಂದಳು. ಇಡೀ ಬಸ್ಸು ನಕ್ಕಿತು. ಮಾಯಕ್ಕ ಗಂಡನ ಭುಜಕ್ಕೆ ಒರಗಿ ನಿದ್ದೆ ಹೋದಳು. ಕರೆಪ್ಪ ಅಲ್ಲಾಡದೆ, ನೆಟ್ಟಗಾಗದ ಕೈಯನ್ನು ಮುಂದಿನ ಸೀಟಿನ ಕಂಬಿಗೆ ಊರಿ, ಬೆಳಗಾವಿಯವರೆಗೆ ಹಾಗೇ ಕೂತ.

ಭಾನುವಾರ ಸ್ಟುಡಿಯೋಕ್ಕೆ ರಜೆ. ಆದರೂ ಈರಯ್ಯನವರು ಕದ ತೆರೆದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ನಾಲ್ಕು ಜನ ಬರುವುದನ್ನು ಓಣಿಯ ತಿರುವಿನಲ್ಲೇ ಕಂಡರು. ಎದ್ದು ನಿಂತರು, ಮತ್ತೆ ಕೂತರು. ಕರೆಪ್ಪ ಹತ್ತಿರ ಬಂದು ಕಾಲಿಗೆ ಬಗ್ಗಿದಾಗ ಅವನ ತಲೆ ಮುಟ್ಟಿ, "ಶಿವಾ ಶಿವಾ" ಎಂದಷ್ಟೇ ಅಂದರು. ಮಾಯಕ್ಕ ಫೋಟೋ ತಿರುಗಿ ಕೊಡಲು ಬಂದರೆ ಬೇಡವೆಂದು ಕೈ ಆಡಿಸಿದರು.

ಊರಿನ ಸುದ್ದಿ ತಂದವನು ಬೀರೇಶ. ತಂಗಿ ಮತ್ತು ಆಕೆಯ ಗಂಡನನ್ನು ಹಳ್ಳಿಗೆ ಬಿಟ್ಟು ಬರಲು ಅವನೇ ಹೋಗಿದ್ದ. ಸಾತಪ್ಪ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದನಂತೆ. ಇಳಿದವನನ್ನು ಕಂಡವನೇ ಎದ್ದು ಬಂದು ಊರ ಮಂದಿಯ ಎದುರಿಗೆ ಕೆನ್ನೆಗೆ ಒಂದು ಬಿಟ್ಟನಂತೆ. "ಇದು ನನ್ನ ಕಾಲಿನ ಬೊಬ್ಬಿಗೆ" ಎಂದನಂತೆ. ಆಮೇಲೆ ಅವನ ಕೈ ಹಿಡಿದುಕೊಂಡು ಮನೆ ಮುಟ್ಟುವವರೆಗೆ ಬಿಡಲಿಲ್ಲವಂತೆ. ಕಾರ್ಯಕ್ಕೆಂದು ತಂದಿಟ್ಟ ಬೆಲ್ಲ, ಬೇಳೆಯಿಂದ ಆ ಅಮಾವಾಸ್ಯೆಗೆ ಓಣಿಗೆಲ್ಲ ಹೋಳಿಗೆ ಆಯಿತು.

ಬೀರೇಶ ಇದನ್ನು ಹೇಳುತ್ತಿದ್ದಾಗ ಓಂಕಾರ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದ. ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದ. ಇನ್ನೊಮ್ಮೆ ಹೇಳು ಎಂದ. ಬೀರೇಶ ಮೊದಲಿನಿಂದ, ಈ ಸಲ ಏಟಿನ ಸಪ್ಪಳವನ್ನೂ ಬಾಯಿಂದ ಮಾಡಿ ಹೇಳಿದ. ಅವತ್ತು ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಅಡ್ಡಾದ ಓಂಕಾರನಿಗೆ ಎಂಥ ನಿದ್ದೆ ಬಂತೆಂದರೆ, ಗಿರಾಕಿಗಳು ಬಂದು ಕೂತರೂ ಕಾಶವ್ವ ಎಬ್ಬಿಸಲಿಲ್ಲ. "ಮಲಗ್ಲಿ ಬಿಡ್ರಿ," ಎಂದಳು, "ಆ ಹೆಣ್ಮಗಳು ಬಂದ ಫೋಟೋ ಕೇಳಿದಾಗಿಂದ ಸರಿಯಾಗಿ ಮಲಗಿಲ್ಲ ಅಂವ."